ತಿದ್ದಿ ತಂದ ಪ್ರತಿ

ಕ್ಲಿನಿಕ್ಕಿನ ಗೋಡೆಯ ಮೇಲಿನ ಫಲಕದಲ್ಲಿ ‘ದಯವಿಟ್ಟು ನಿಶಬ್ದವಾಗಿರಿ’ ಎಂದಿತ್ತು. ಒಂದು ಒತ್ತು ಬಿಟ್ಟುಹೋಗಿದೆ ಎಂದು ಅವನ ಕಣ್ಣು, ಅವನು ಬೆಂಚಿನ ಮೇಲೆ ಕೂರುವ ಮೊದಲೇ ಹಿಡಿದುಹಾಕಿತ್ತು. ಕೂತ ಮೇಲೆ ಅದನ್ನು ಬಿಟ್ಟು ಆ ಕೋಣೆಯಲ್ಲಿ ಬೇರೇನೂ ಕಾಣದಾಯಿತು. ಎದುರಿನ ಬೆಂಚಿನಲ್ಲಿ ಒಬ್ಬ ತಾಯಿ ತನ್ನ ಮಗುವಿನ ಮೂಗು ಒರೆಸುತ್ತಿದ್ದಳು. ಮೂಲೆಯ ಗಾಜಿನ ತೊಟ್ಟಿಯಲ್ಲಿ ಮೀನಿರಲಿಲ್ಲ, ನೀರು ಮಾತ್ರ ಗುಳುಗುಳು ಎನ್ನುತ್ತಿತ್ತು. ಮುದ್ರಣಾಲಯದಲ್ಲಿ ವರ್ಷಗಟ್ಟಲೆ ಕರಡು ತಿದ್ದಿದವನ ಕಣ್ಣು ಅವನದು. ಸಾವಿನ ಮನೆಗೆ ಹೋದರೂ ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ತಪ್ಪು ಹುಡುಕುತ್ತೀರಿ ಎಂದು ಹೆಂಡತಿ ಹಂಗಿಸುತ್ತಿದ್ದಳು, ಅದು ಸುಳ್ಳೂ ಅಲ್ಲ. ಸ್ವಂತ ತಂದೆ ತೀರಿಕೊಂಡಾಗ ಅವನಿಗೆ ಮೊದಲು ಅಳು ಬಂದಿರಲಿಲ್ಲ, ಪತ್ರಿಕೆಯ ಪ್ರಕಟಣೆಯ ‘ದೈವಾಧೀನ’ದ ಧಕಾರಕ್ಕೆ ಹೊಟ್ಟೆ ಸೀಳದೆ ಬಿಟ್ಟದ್ದು ಕಂಡಿತ್ತು. ಆಮೇಲೆ ಅಳು ಬಂತೋ ಇಲ್ಲವೋ ಈಗ ನೆನಪಿಲ್ಲ.

ಪಕ್ಕದಲ್ಲಿ ಮಗಳು ಕಾಲು ಕೂಡ ಆಡಿಸದೆ ಕೂತಿದ್ದಳು. ನಾಲ್ಕೂವರೆ ವರ್ಷದವಳು. ಶಾಲೆಗೆಂದು ಇಟ್ಟ ಉದ್ದದ ಹೆಸರೊಂದಿದ್ದರೂ, ಹುಟ್ಟಿದಾಗ ಗುಂಡಗಿದ್ದಳೆಂದು ಅವನು ತಮಾಷೆಗೆ ಕರೆದ ಸೊನ್ನೆ ಎನ್ನುವುದೇ ಮನೆಯಲ್ಲಿ ನಿಂತುಹೋಗಿತ್ತು.

“ಒತ್ತಿಲ್ಲ ಪೂರ್ಣವಿರಾಮ,” ಎಂದಳು ಸೊನ್ನೆ, ನೀರಿನ ತೊಟ್ಟಿಯನ್ನೇ ನೋಡುತ್ತ.

“ಶ್. ಒಳಗೆ ಹೋದಾಗ ಪೂರ್ಣವಿರಾಮ ಅನ್ನಬಾರದು ಅಂತ ಹೇಳಿದ್ದೆನಲ್ಲ.”

“ಅನ್ನಬಾರದು,” ಎಂದು ತುಟಿ ಮುಚ್ಚಿಕೊಂಡಳು. ಮಾತಿನ ಕೊನೆಗೆ ಬರಬೇಕಾದ ಆ ಇನ್ನೊಂದು ಪದವನ್ನು ಅವಳು ನುಂಗಿದ್ದು ಅವನಿಗೆ ಕಂಡಿತು. ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ಇನ್ನೇನೋ ಬರುವುದರಲ್ಲಿತ್ತು, ಅಷ್ಟರಲ್ಲಿ ಎದುರಿನ ಮಗು ಸೀನಿತು.

ಇಲ್ಲಿಗೆ ಬರುವಂತೆ ಮಾಡಿದವರು ಶಿಶುವಿಹಾರದ ಟೀಚರ್. ಓದುವುದರಲ್ಲಿ ನಿಮ್ಮ ಮಗಳು ನನಗೇ ಪಾಠ ಹೇಳುವ ಹಾಗಿದ್ದಾಳೆ ಎಂದು ಶುರುಮಾಡಿ, ಆಮೇಲೆ ದನಿ ತಗ್ಗಿಸಿ, “ಆದ್ರೆ ಕರೆದ್ರೆ ತಿರುಗಲ್ಲ. ಪಕ್ಕದ ಮಗು ಬಿದ್ದು ಅಳ್ತಾ ಇದ್ರೆ ಇವಳು ಅದರ ಅಂಗಿ ಮೇಲೆ ಬರೆದಿರೋದನ್ನ ಓದ್ತಾಳೆ. ಒಂದ್ಸಲ ಯಾರಿಗಾದ್ರೂ ತೋರಿಸಿ,” ಎಂದಿದ್ದರು. ಯಾವತ್ತೋ ಕೇಳಿ ಮುಗಿದ ಮಾತನ್ನು ಮತ್ತೆ ಕೇಳುವವಳಂತೆ ಹೆಂಡತಿ ತಲೆಯಾಡಿಸಿದ್ದಳು. ಮೈ ಉರಿದದ್ದು ಅವನಿಗೆ. ದಾರಿಯುದ್ದಕ್ಕೂ ಆ ಟೀಚರ್ ಓದಿದ್ದು ಎಷ್ಟು, ಅವರು ಬೋರ್ಡಿನ ಮೇಲೆ ಬರೆಯುವುದರಲ್ಲಿ ಎಷ್ಟು ತಪ್ಪು ಎಂದು ಹೇಳಿಕೊಂಡೇ ಬಂದ. ಮನೆಯ ಬೀಗ ತೆಗೆಯುವಾಗ ಹೆಂಡತಿ, “ಬುದ್ಧಿ ಇಲ್ಲ ಅಂತ ಅವರೂ ಅನ್ನಲಿಲ್ಲ, ನಾನೂ ಅನ್ನಲ್ಲ. ನನ್ನ ಕಡೆ ನೋಡಲ್ಲ ಅಂತೀನಿ ಅಷ್ಟೆ,” ಎಂದಳು. ಈ ಭೇಟಿಯನ್ನು ಗೊತ್ತುಮಾಡಿದ್ದೂ ಅವಳೇ. ತಾನು ಪರದೆ ಹೊಲಿಯುವ ಅಂಗಡಿಯಲ್ಲಿ ರಜೆಯನ್ನೂ ಕೇಳಿಟ್ಟಿದ್ದಳು. ಒಬ್ಬರೇ ಸಾಕಂತೆ, ಇಬ್ಬರಿದ್ದರೆ ಮಗುವಿಗೆ ಗಲಿಬಿಲಿಯಾಗುತ್ತದಂತೆ ಎಂದು ಅವನು ಹೇಳಿದ್ದ. ಯಾರೂ ಹಾಗೆ ಹೇಳಿರಲಿಲ್ಲ. ಒಳಗೆ ಕೂತಿರುವ ಪರೀಕ್ಷಕಿ ಇವತ್ತು ಎರಡರಲ್ಲಿ ಒಂದು ಮಾತು ಹೇಳುತ್ತಾರೆ, ವಯಸ್ಸಿಗೆ ಮೀರಿದ ಬುದ್ಧಿ ಎಂದೋ ಆಟಿಸಂ ಎಂದೋ. ಮೊದಲನೆಯದನ್ನು ಕೇಳಿಕೊಂಡು ಮನೆಗೆ ಹೋಗಬೇಕು ಎನ್ನುವುದಷ್ಟೇ ಅವನಿಗೆ ಬೇಕಾಗಿತ್ತು. ಅದು ಎಷ್ಟು ಬೇಕಾಗಿತ್ತೆಂದರೆ, ಈಗ ಬೆಂಚಿನ ಮೇಲೆ ಕೂತಾಗ ಬೇಕು ಅನ್ನಿಸುವುದೇ ನಿಂತುಹೋಗಿ, ಜೋಮು ಹಿಡಿದ ಕಾಲಿನ ಹಾಗೆ ಭಾರ ಮಾತ್ರ ಉಳಿದಿತ್ತು.

ಸೊನ್ನೆ ಓದತೊಡಗಿದ್ದು ಎರಡೂವರೆ ವರ್ಷಕ್ಕೆ. ಯಾರೂ ಕಲಿಸಿರಲಿಲ್ಲ, ಅಥವಾ ಕಲಿಸುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ಮುದ್ರಣಾಲಯದಲ್ಲಿ ಕರಡನ್ನು ಇಬ್ಬರು ಸೇರಿ ನೋಡುತ್ತಾರೆ. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಪೆನ್ನು ಹಿಡಿದು ಕೂರಬೇಕು. ಓದುವವನು ಅಕ್ಷರಗಳನ್ನಷ್ಟೇ ಅಲ್ಲ, ನಡುವೆ ಬರುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಾರ್ಥಕ, ಹೊಸ ಪ್ಯಾರಾ. ದನಿಯಲ್ಲಿ ಏರಿಳಿತ ಕೂಡದು. ಅವನ ಜೊತೆಗೆ ಓದುತ್ತಿದ್ದ ಹಿರಿಯರು, ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದವರು, “ಅರ್ಥದ ಕಡೆ ಹೋಗಬೇಡ ಮಾರಾಯ. ಅರ್ಥಕ್ಕೆ ಮರುಳಾದೆಯೋ ತಪ್ಪು ಕಣ್ಣೆದುರೇ ಜಾರಿಕೊಳ್ಳುತ್ತೆ,” ಎನ್ನುತ್ತಿದ್ದರು. ಕೆಲಸ ಹೆಚ್ಚಿದ್ದಾಗ ಹಾಳೆಗಳನ್ನು ಮನೆಗೆ ತಂದು ಒಬ್ಬನೇ ಗಟ್ಟಿಯಾಗಿ ಓದಿಕೊಂಡು ತಿದ್ದುತ್ತಿದ್ದ, ಸೊನ್ನೆ ಅವನ ತೋಳಿಗೆ ಒರಗಿ ಹಾಳೆ ನೋಡುತ್ತ ಕೂರುತ್ತಿದ್ದಳು. ಒಂದು ದಿನ ಅವನು ನೀರು ಕುಡಿಯಲು ಎದ್ದಾಗ ಹಿಂದಿನಿಂದ ಸಾಲು ಮುಂದುವರಿಯಿತು. ಅದೇ ದನಿ, ಅದೇ ವೇಗ, ಸಾಲಿನ ಕೊನೆಗೆ ಪೂರ್ಣವಿರಾಮ. ಲೋಟ ಹಿಡಿದುಕೊಂಡು ನಿಂತೇ ಇದ್ದ. ಅಂಥ ಸಂತೋಷ ಅವನಿಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಇಡೀ ಬೀದಿಗೆ ಗೊತ್ತಾಯಿತು. ಬಂದವರೆಲ್ಲ ಅವಳ ಮುಂದೆ ಏನಾದರೂ ಹಿಡಿಯುವವರೇ, ಔಷಧದ ಪೆಟ್ಟಿಗೆಗೆ ಅಂಟಿಸಿದ ಚೀಟಿ, ಬಸ್ಸಿನ ಟಿಕೆಟ್ಟು. ನೆರೆಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಅವಳು ಮೇಜಿನ ಕೆಳಗೆ ಕೂತು ಕೇಕಿನ ಖಾಲಿ ಡಬ್ಬಿಯನ್ನು ಓದುತ್ತಿದ್ದಾಗ, ಅವನೇ ಎಳೆದು ಕುರ್ಚಿಯ ಮೇಲೆ ನಿಲ್ಲಿಸಿದ್ದ. ಕೊಟ್ಟದ್ದನ್ನೆಲ್ಲ ಓದಿದಳು. ಚಪ್ಪಾಳೆ ತಟ್ಟಿದರು. ಯಾರೋ ಒಬ್ಬಾಕೆ ಕೆನ್ನೆ ಹಿಂಡಿ, “ನಿನಗೆ ಏನು ಇಷ್ಟ ಪುಟ್ಟಿ?” ಎಂದರು. “ನಿನಗೆ ಏನು ಇಷ್ಟ ಪುಟ್ಟಿ ಪ್ರಶ್ನಾರ್ಥಕ,” ಎಂದಳು ಸೊನ್ನೆ. ನಗು ಎದ್ದಿತು. ಆಕೆ ಮತ್ತೆ ಕೇಳಿದರು, ಇವಳು ಮತ್ತೆ ಅದನ್ನೇ ಅಂದಳು. ಮೂರನೆಯ ಸಲಕ್ಕೆ ನಗು ಇರಲಿಲ್ಲ. ಎಲ್ಲರೂ ತಟ್ಟೆಗಳ ಕಡೆ ತಿರುಗಿಕೊಂಡರು, ಅವನೊಬ್ಬನೇ ಇನ್ನೂ ನಗುತ್ತಿದ್ದ. ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಬಂದು ಮಗಳನ್ನು ಕುರ್ಚಿಯಿಂದ ಇಳಿಸಿದಳು. ಸೊನ್ನೆ ಅವಳ ಕೈಯನ್ನು ಬಾಗಿಲ ಹಿಡಿಯ ಹಾಗೆ ಹಿಡಿದು ಇಳಿದು, ಬಿಟ್ಟು, ಮತ್ತೆ ಮೇಜಿನ ಕೆಳಗೆ ಹೋದಳು.

ಹೆಸರು ಕೂಗಿದರು.

ಒಳಗೆ ಗಿಡ್ಡನೆಯ ಮೇಜು, ಎರಡು ಗಿಡ್ಡ ಕುರ್ಚಿ. ಗೋಡೆಗೆ ಒರಗಿಸಿಟ್ಟ ದೊಡ್ಡ ಕುರ್ಚಿಯೊಂದು ಅವನಿಗೆ. ಪರೀಕ್ಷಕಿ ಅವನು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸಿನವರು, ನೆಗಡಿಯಾಗಿತ್ತು, ಮಾತಿನ ನಡುವೆ ಮುಖ ತಿರುಗಿಸಿ ಕೆಮ್ಮುತ್ತಿದ್ದರು. “ಮನೇಲಿ ಏನಂತ ಕರೀತೀರಿ?” ಎಂದರು. ಹೇಳಿದ. “ಚೆನ್ನಾಗಿದೆ,” ಎಂದು ನಕ್ಕರು. “ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಬುದ್ಧಿ ಜಾಸ್ತಿ ಇರೋದು, ಆಟಿಸಂ, ಇವೆರಡನ್ನ ಬೇರೆ ಮಾಡೋದು ಈ ವಯಸ್ಸಲ್ಲಿ ಸುಲಭ ಅಲ್ಲ. ತುಂಬ ಬುದ್ಧಿ ಇರೋ ಮಕ್ಕಳೂ ಒಬ್ಬೊಬ್ಬರೇ ಇರ್ತಾರೆ, ಒಂದೇ ವಿಷಯ ಹಿಡಿದು ಜಗ್ತಾರೆ. ಎರಡೂ ಒಟ್ಟಿಗೇ ಇರೋದೂ ಉಂಟು. ಎಷ್ಟು ಓದ್ತಾಳೆ ಅನ್ನೋದು ನನಗೆ ಅಷ್ಟು ಮುಖ್ಯ ಅಲ್ಲ. ಖುಷಿಯಾದಾಗ ಅದನ್ನ ಯಾರಿಗಾದ್ರೂ ತೋರಿಸೋಕೆ ಬರ್ತಾಳಾ, ಅದನ್ನ ನೋಡ್ತೀನಿ. ನೀವು ಅಲ್ಲಿ ಕೂತಿರಿ, ಏನೂ ಹೇಳಿಕೊಡಬೇಡಿ.”

ಇಲ್ಲ ಎನ್ನುವಂತೆ ಕೈ ಆಡಿಸಿದ. ಹೇಳಿಕೊಡುವುದು ಮುಗಿದಿತ್ತು. ಆಟಿಸಂನ ಲಕ್ಷಣಗಳನ್ನು ಅವನು ಫೋನಿನಲ್ಲಿ ಹುಡುಕಿ ಓದಿದ್ದ, ಓದುತ್ತಿದ್ದಂತೆ ಕೈ ತಾನಾಗಿ ಪೆನ್ನು ಹುಡುಕಿತ್ತು. ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣಲ್ಲಿ ಕಣ್ಣಿಡುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ನಾನು ಎನ್ನಬೇಕಾದಲ್ಲಿ ನೀನು ಎನ್ನುತ್ತದೆ. ಅವನಿಗೆ ಅದು ಹೆದರಿಕೆಯ ಹಾಗಲ್ಲ, ಅಂಚಿನಲ್ಲಿ ಗುರುತು ಹಾಕಿಟ್ಟ ಹಾಳೆಯ ಹಾಗೆ ಕಂಡಿತ್ತು. ಗುರುತು ಇದ್ದಲ್ಲಿ ತಿದ್ದಬೇಕು, ಲೇಖಕನ ಕೈಗೆ ತಪ್ಪಿರುವ ಪ್ರತಿ ಹೋಗಬಾರದು. ಅವನು ಬಲ್ಲದ್ದು ಅದೊಂದೇ ಕೆಲಸ. ಹೆಂಡತಿ ಅಂಗಡಿಗೆ ಹೋದ ಮೇಲೆ ವಾರವಿಡೀ ಮಗಳನ್ನು ಎದುರು ಕೂರಿಸಿಕೊಂಡ. ಸೊನ್ನೆ ಅಂದರೆ ತಿರುಗು. ಮುಖ ನೋಡು. ಮೂರು ಎಣಿಸು. ಬಿಡು. ಮೊದಲು ಗಟ್ಟಿಯಾಗಿ ಎಣಿಸುತ್ತಿದ್ದಳು; ಬಾಯಿ ಮುಚ್ಚಿ ಎಣಿಸು ಎಂದ; ಮುಚ್ಚಿ ಎಣಿಸಿದಳು. ಗೊಂಬೆಯ ಬಾಯಿಗೆ ಚಮಚ ಹಿಡಿ. ನಿನಗೆ ಅಲ್ಲ, ನನಗೆ ನೀರು ಬೇಕು ಅನ್ನು. ಒಂದೊಂದನ್ನೂ ಒಂದೆರಡು ಸಲಕ್ಕೆ ಹಿಡಿದುಕೊಂಡಳು. ಸರಿಯಾಗಿ ಮಾಡಿದಾಗೆಲ್ಲ ಒಂದು ಹಳೆಯ ಕರಡು ಹಾಳೆ ಕೊಡುತ್ತಿದ್ದ, ಅವಳು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಳು. ಇಷ್ಟು ಬೇಗ ಕಲಿಯುವ ಮಗುವಿಗೆ ಏನು ಕೊರತೆ ಇದ್ದೀತು, ಹೇಳಿಕೊಡುವವರು ಇರಲಿಲ್ಲ ಅಷ್ಟೆ, ಎಂದು ಅವನು ಆ ವಾರವೆಲ್ಲ ತನಗೆ ತಾನೇ ಹೇಳಿಕೊಂಡಿದ್ದ. ಒಮ್ಮೆ ಹೀಗೆ ಮುಖ ನೋಡಿ ಬಿಟ್ಟ ಮೇಲೆ ಅವಳು ಅಂಗೈಯಿಂದ ಎರಡೂ ಕಣ್ಣುಗಳನ್ನು ಉಜ್ಜಿಕೊಂಡಿದ್ದಳು, ಹೊಗೆ ತಾಗಿದವರ ಹಾಗೆ. ಅದಕ್ಕೂ ಅವನು, ಹಾಗೆ ಉಜ್ಜಬಾರದು ಎಂದಿದ್ದ.

“ಸೊನ್ನೆ,” ಎಂದರು ಪರೀಕ್ಷಕಿ, ಬೆನ್ನ ಹಿಂದಿನಿಂದ.

ತಿರುಗಿದಳು. ನೋಡಿದಳು. ಅವಳ ಗಂಟಲು ಸಣ್ಣಗೆ ಆಡಿದ್ದು ಅವನಿಗೆ ಮಾತ್ರ ಗೊತ್ತಾಯಿತು. ಬಿಟ್ಟಳು. ಪರೀಕ್ಷಕಿ ಒಂದು ಗೀಟು ಹಾಕಿಕೊಂಡರು. ಗೊಂಬೆಗೆ ಉಣ್ಣಿಸಿದಳು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯಲಾಗದಿದ್ದಾಗ “ನನಗೆ ಬೇಕು,” ಎಂದಳು. ಅವನು ಕುರ್ಚಿಯ ತುದಿಗೆ ಬಂದಿದ್ದ, ತುಟಿ ಅವಳ ಜೊತೆಗೇ ಆಡುತ್ತಿತ್ತು, ಗೊತ್ತಾಗಿ ಕೈಯಿಂದ ಬಾಯಿ ಮುಚ್ಚಿಕೊಂಡ. ಚಿತ್ರದ ಪುಸ್ತಕವೊಂದನ್ನು ಕೊಟ್ಟರು. ಒಂದು ಹುಡುಗಿ, ಒಂದು ಬಲೂನು, ಒಂದು ಮರ. ಸೊನ್ನೆ ಎಲ್ಲೂ ತಡವರಿಸದೆ ಕೊನೆಯವರೆಗೆ ಓದಿದಳು, ವಿರಾಮಗಳನ್ನು ನುಂಗುತ್ತ, ಒಂದೇ ಒಂದು ಕಡೆ ಪೂರ್ಣವಿರಾಮ ಬಾಯಿಂದ ಜಾರಿತು. ಪರೀಕ್ಷಕಿ ಅವನ ಕಡೆ ನೋಡಿದರು. ತನ್ನ ಕೆಲಸವೇ ಅದು, ಮನೆಯಲ್ಲಿ ಕೇಳಿ ಕೇಳಿ ಹಾಗೆ, ಎಂದು ಅವನು ಅವಸರವಾಗಿ ವಿವರಿಸಿದ. “ಓಹೋ, ಹಾಗೆ,” ಎಂದು ನಕ್ಕರು, ಅದನ್ನೂ ಬರೆದುಕೊಂಡರು. ಆಮೇಲೆ ಬಗ್ಗಿ, “ಆ ಹುಡುಗಿ ಯಾಕಮ್ಮ ಅತ್ತಳು?” ಎಂದರು. ಯಾಕೆ ಅತ್ತಳು. ಅವನು ಇಡೀ ಕತೆಯನ್ನು ಕಿವಿಗೊಟ್ಟು ಕೇಳಿದ್ದ, ಒಂದು ಅಕ್ಷರ ತಪ್ಪಿದ್ದರೂ ಹಿಡಿಯುತ್ತಿದ್ದ. ಹುಡುಗಿ ಯಾಕೆ ಅತ್ತಳೆಂದು ಅವನಿಗೂ ಗೊತ್ತಿರಲಿಲ್ಲ. ಅವಳು ಅತ್ತಿದ್ದೇ ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಸೊನ್ನೆ ಏನು ಮಾಡಬೇಕೆಂದು ತೋಚದೆ, ತನಗೆ ಹೇಳಿಕೊಟ್ಟದ್ದರಲ್ಲಿ ಒಂದನ್ನು ಮಾಡಿದಳು. ಪರೀಕ್ಷಕಿಯ ಮುಖವನ್ನು ನೋಡಿದಳು.

“ನಾಚಿಕೆ,” ಎಂದರು ಪರೀಕ್ಷಕಿ ಮೃದುವಾಗಿ.

ಅವರು ಮೇಜಿನ ಮೇಲಿದ್ದುದನ್ನೆಲ್ಲ ಡಬ್ಬಿಗೆ ತುಂಬುತ್ತಿದ್ದಾಗ ಅದು ಆಯಿತು. ಸೊನ್ನೆ ಕಿಟಕಿಯ ಕಡೆ ಕೈ ಎತ್ತಿ, ತೋರುಬೆರಳು ಚಾಚಿ, ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ, “ಅಪ್ಪ, ಅಲ್ಲಿ ನೋಡು, ಹಕ್ಕಿ,” ಎಂದಳು. ಮನೆಯ ಕಿಟಕಿಯ ಸರಳಿನ ಮೇಲೆ ಪಾರಿವಾಳ ಬಂದು ಕೂತಾಗ ಅವನು ಕಲಿಸಿದ ಮಾತು. ಇಲ್ಲಿ ಕಿಟಕಿಯ ಆಚೆ ಪಕ್ಕದ ಕಟ್ಟಡದ ಬೋಳು ಗೋಡೆ ಇತ್ತು, ಗೋಡೆಯ ಮೇಲೊಂದು ಕೊಳವೆ. ಹಕ್ಕಿ ಇರಲಿಲ್ಲ. ಹಕ್ಕಿ ಬಂದಿರಲೂ ಇಲ್ಲ; ಅವನು ಅದೇ ಕಡೆ ನೋಡುತ್ತ ಕೂತಿದ್ದ. ಅವಳು ಅವನ ಮುಖಕ್ಕೆ ತಿರುಗಿದಳು, ಮೂರು ಎಣಿಸಿದಳು, ಬಿಟ್ಟಳು. ಪರೀಕ್ಷಕಿ ತಟ್ಟನೆ ಕಿಟಕಿಯತ್ತ ನೋಡಿ, “ಅಯ್ಯೋ, ಹಾರಿಹೋಯ್ತಾ?” ಎಂದರು, ಅವರ ಮುಖ ಅರಳಿತ್ತು, ಕೂಡಲೇ ಬಗ್ಗಿ ಬರೆಯತೊಡಗಿದರು. ಅವರು ಬರೆಯುತ್ತಿದ್ದಷ್ಟು ಹೊತ್ತೂ ಸೊನ್ನೆಯ ಬೆರಳು ಹಾಗೇ ಗಾಳಿಯಲ್ಲಿ ಚಾಚಿಕೊಂಡಿತ್ತು. ಬೆರಳು ಇಳಿಸುವುದನ್ನು ಅವನು ಹೇಳಿಕೊಟ್ಟಿರಲಿಲ್ಲ.

ಅವನು ಎದ್ದು ಹೋಗಿ ಅವಳ ಕೈಯನ್ನು ಇಳಿಸಿದ. ಏನನ್ನೋ ಮುಚ್ಚುವವನ ಹಾಗೆ ಅವಳ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಇಟ್ಟುಕೊಂಡು ನಿಂತ.

“ಮನೇಲೂ ಹೀಗೆ ತೋರಿಸ್ತಾಳಾ?” ಎಂದರು ಪರೀಕ್ಷಕಿ ತಲೆ ಎತ್ತದೆ.

“ಹ್ಞೂಂ.”

ಒಂದು ಅಕ್ಷರ. ಅದನ್ನು ಹೇಳಲು ಬಾಯಿ ತೆರೆಯುವ ಕಷ್ಟವೂ ಬೇಕಾಗಲಿಲ್ಲ.

“ಅವಳ ತಾಯಿ ಬಂದಿದ್ರೆ ಚೆನ್ನಾಗಿತ್ತು,” ಎಂದರು ಅವರು. “ಇರಲಿ. ನಾನು ಕಂಡಷ್ಟರಲ್ಲಿ ಇದು ಆಟಿಸಂ ಅನ್ನೋ ಹಾಗೆ ಕಾಣ್ತಿಲ್ಲ. ಬುದ್ಧಿ ವಯಸ್ಸಿಗಿಂತ ತುಂಬ ಮುಂದಿದೆ, ಬೇರೆ ಮಕ್ಕಳ ಜೊತೆ ಬೆರೆಯೋದು ಸ್ವಲ್ಪ ಹಿಂದಿದೆ. ಮಾತಿನ ಧಾಟಿ ವಿಚಿತ್ರ, ಅದು ನಿಮ್ಮ ಕೆಲಸದಿಂದ ಬಂದಿರಬಹುದು. ಆ ಹಕ್ಕಿ ತೋರಿಸಿದ್ಲಲ್ಲ, ಅದನ್ನ ನೋಡಿ ನನಗೆ ಸಮಾಧಾನ ಆಯ್ತು. ಈಗ ಯಾವ ತರಬೇತಿನೂ ಬೇಡ. ಒಂದು ವರ್ಷ ಬಿಟ್ಟು ಬನ್ನಿ.”

ಧನ್ಯವಾದ ಹೇಳಿದ. ಬಾಗಿಲು ದಾಟಿದ. ತಪ್ಪಿದ್ದ ಫಲಕದ ಕೆಳಗೆ ಹಾದು, ಮೆಟ್ಟಿಲಿಳಿದು, ಬೀದಿಗೆ ಬಂದ. ಬಿಸಿಲಿತ್ತು. ಕಟ್ಟಡದ ಎದುರು ಗಾಡಿ ನಿಲ್ಲಿಸುವ ಜಾಗದಲ್ಲಿ ಒಬ್ಬಾತ ಟೈರಿಗೆ ಗಾಳಿ ತುಂಬುತ್ತಿದ್ದ, ಇನ್ನೊಬ್ಬ ಅವನ ಹತ್ತಿರ ದಾರಿ ಕೇಳುತ್ತಿದ್ದ. ಸಂತೋಷ ಈಗ ಬರಬೇಕಿತ್ತು. ಬಸ್ಸಿಗೆ ಕಾಯುವವನಂತೆ ಸ್ವಲ್ಪ ಹೊತ್ತು ನಿಂತು ನೋಡಿದ. ಬರಲಿಲ್ಲ. ನಾಚಿಕೆಯೂ ಬರಲಿಲ್ಲ, ಬಂದಿದ್ದರೆ ಅದರ ಜೊತೆ ಏನಾದರೂ ಮಾಡಬಹುದಿತ್ತು. ಬೇಕೆಂದ ಮಾತು ಸಿಕ್ಕಿತ್ತು, ಜೇಬಿನಲ್ಲಿರುವ ಬೇರೆ ಯಾರದೋ ಬೀಗದ ಕೈಯ ಹಾಗೆ ಇತ್ತು ಅದು. ಒಂದು ವರ್ಷ ಯಾರೂ ಏನೂ ಮಾಡುವುದಿಲ್ಲ. ಒಂದು ವರ್ಷ ಸೊನ್ನೆ ಎಣಿಸುತ್ತಿರುತ್ತಾಳೆ. ಮುಂದಿನ ವರ್ಷ ಬೇರೆ ಪರೀಕ್ಷೆ ಇರುತ್ತದೆ, ಅದಕ್ಕೆ ಬೇರೆ ಹೇಳಿಕೊಡಬೇಕಾಗುತ್ತದೆ, ಆಮೇಲೆ ಅದರ ಮುಂದಿನ ವರ್ಷ. ಎಲ್ಲಿಗೆ ನಿಲ್ಲಿಸುವುದು ಎಂದು ಯೋಚಿಸಲು ಹೋಗಿ, ಯೋಚನೆ ಒಂದು ಹೆಜ್ಜೆಯೂ ಮುಂದೆ ಹೋಗದೆ ಅಲ್ಲೇ ನಿಂತಿತು. ಸೊನ್ನೆ ಮೆಟ್ಟಿಲ ಮೇಲೆ ಕೂತು ಸಿಮೆಂಟಿನ ಬಿರುಕಿನ ಉದ್ದಕ್ಕೂ ಬೆರಳು ಓಡಿಸುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಅವಳ ಭುಜ ಇಳಿದಿತ್ತು. ಬೆಳಗಿನಿಂದ ಅದು ಏರಿಯೇ ಇತ್ತು ಎನ್ನುವುದು ಈಗ ಇಳಿದದ್ದನ್ನು ನೋಡಿದಾಗ ಗೊತ್ತಾಯಿತು.

ಫೋನು ಹೊಡೆದುಕೊಂಡಿತು. ಹೆಂಡತಿ. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರಗಳ ಸದ್ದು.

“ಏನಂದ್ರು?”

“ಏನೂ ಇಲ್ಲವಂತೆ. ಬುದ್ಧಿ ಜಾಸ್ತಿ ಅಷ್ಟೆ ಅಂದ್ರು.”

ಅವಳು ಅಳುತ್ತಿದ್ದಾಳೆ ಎನ್ನುವುದು ತಿಳಿಯಲು ಅವನಿಗೆ ಸ್ವಲ್ಪ ಸಮಯ ಬೇಕಾಯಿತು, ಯಂತ್ರಗಳ ಸದ್ದಿನಲ್ಲಿ ಕೇಳಿಸುವುದು ಕಷ್ಟ. ಅವಳು ಈ ಎರಡು ದಿನ ಹಗುರವಾಗಿ ಓಡಾಡಿದ್ದಳು, ಅದನ್ನು ಅವನು ನೋಡಿದ್ದ, ನೋಡಿ ಮುಂದೆ ಹೋಗಿದ್ದ.

“ನನಗೂ ಅನ್ನಿಸಿತ್ತು ರೀ,” ಎಂದಳು. “ಮೊನ್ನೆ ಬೆಳಿಗ್ಗೆ ಬಟ್ಟೆ ಮಡಚ್ತಾ ಸುಮ್ನೆ ಕರೆದೆ. ಕರೆಯೋದು ರೂಢಿ ಅಷ್ಟೆ, ತಿರುಗ್ತಾಳೆ ಅಂತ ಅಲ್ಲ. ತಿರುಗಿದ್ಲು. ನನ್ನ ಮುಖ ನೋಡಿದ್ಲು ರೀ. ಕೈನೂ ಅಲ್ಲ, ಬಟ್ಟೆನೂ ಅಲ್ಲ, ಮುಖ. ನಾನು ನಿಮಗೂ ಹೇಳಿರ್ಲಿಲ್ಲ. ಹೇಳಿಬಿಟ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಹಾಗೇ ಇಟ್ಕೊಂಡಿದ್ದೆ.”

ಟೈರಿಗೆ ಗಾಳಿ ತುಂಬುತ್ತಿದ್ದವನು ಪಂಪು ಕಿತ್ತ. ಬುಸ್ಸೆಂದಿತು. ಸುಮ್ಮನಿದ್ದರೆ ಆಗುತ್ತಿತ್ತು. ಹ್ಞೂಂ ಎಂದರೂ ಆಗುತ್ತಿತ್ತು, ಈಗಷ್ಟೇ ಅಂದ ಹಾಗೆ. ಅವಳ ಹತ್ತಿರ ಇರುವುದು ಅದೊಂದೇ, ಅದನ್ನೂ ಅವಳು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಾಳೆ.

“ಅದು ನಾನು ಹೇಳಿಕೊಟ್ಟಿದ್ದು,” ಎಂದ.

“ಯಾವುದು?”

“ಕರೆದ್ರೆ ತಿರುಗೋದು. ಮುಖ ನೋಡೋದು. ಬಾಯಿ ಮುಚ್ಚಿ ಮೂರು ಎಣಿಸೋವರೆಗೆ ನೋಡು, ಆಮೇಲೆ ಬಿಡು ಅಂತ. ಇವತ್ತಿಗೆ ಅಂತ ಹೇಳಿಕೊಟ್ಟೆ. ಒಳಗೂ ಅದನ್ನೇ ಮಾಡಿದ್ಲು. ಅವರಿಗೆ ಗೊತ್ತಿಲ್ಲ.”

ಅವಳ ಅಳು ನಿಂತಿತು. ಯಂತ್ರಗಳು ಓಡುತ್ತಲೇ ಇದ್ದವು. ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು.

“ಅವರು ಇನ್ನೂ ಅಲ್ಲೇ ಇದ್ದಾರಾ?”

“ಇದ್ದಾರೆ.”

“ಒಳಗೆ ಹೋಗಿ ಹೇಳಿ. ಎಲ್ಲಾ ಹೇಳಿ. ಏನೇನು ಹೇಳಿಕೊಟ್ರಿ, ಹೇಳಿಕೊಡೋಕೆ ಮುಂಚೆ ಹೇಗಿದ್ಲು, ಒಂದೂ ಬಿಡದೆ. ನಾನು ಈಗ್ಲೇ ಹೊರಟೆ.”

“ಹ್ಞೂಂ.”

“ಹ್ಞೂಂ ಅನ್ನಬೇಡಿ. ಹೋಗ್ತೀನಿ ಅನ್ನಿ.”

“ಹೋಗ್ತೀನಿ.”

ಅವನು ಬಗ್ಗಿ ಸೊನ್ನೆಯ ಕೈ ಹಿಡಿದು ಎಬ್ಬಿಸಿದ. ಹೆಸರು ಕರೆಯಲಿಲ್ಲ. ಫೋನು ಇನ್ನೂ ಕಿವಿಯಲ್ಲಿತ್ತು, ಹೆಂಡತಿ ಇಟ್ಟಿರಲಿಲ್ಲ, ಉಸಿರು ಕೇಳುತ್ತಿತ್ತು. ಎರಡು ಮೆಟ್ಟಿಲು ಹತ್ತಿರಬಹುದು.

“ರೀ.”

“ಹೇಳು.”

“ಮೊನ್ನೆ ಮೂರಕ್ಕೆ ನಿಲ್ಲಿಸಲಿಲ್ಲ ಅವಳು. ಅದಕ್ಕಿಂತ ಜಾಸ್ತಿ ಹೊತ್ತು ನೋಡಿದ್ಲು ನನ್ನ. ಅದನ್ನೂ ಅವರಿಗೆ ಹೇಳಿ.”